ತಗಡಿನ ನೆರಳು

ಮಹಾನವಮಿಯ ದಿನ ಬೆಳಿಗ್ಗೆ ಹತ್ತೂವರೆಗೆ ಹನುಮಂತ ನಿಂಬೆಹಣ್ಣು ಹಿಂಡಿ ಎಸೆದು, ಬೂದುಗುಂಬಳಕಾಯಿಯನ್ನು ತಲೆಯ ಮೇಲೆತ್ತಿ ರಸ್ತೆಗೆ ಅಪ್ಪಳಿಸಿದ. ಕಾಯಿಯ ಹೊಟ್ಟೆಯೊಳಗೆ ತುಂಬಿದ್ದ ಕುಂಕುಮ ಸಿಡಿದು, ಅದರ ನೀರಿನೊಡನೆ ಬೆರೆತು, ಮೂರು ದಾರಿ ಕೂಡುವ ಆ ಜಾಗದಲ್ಲೆಲ್ಲ ಕೆಂಪಗೆ ಹರಡಿತು. ಒಂದು ಧಾರೆ ಎದುರಿನ ಕಾರ್ಖಾನೆಯ ಮಂಥನ್ ಭಾಯಿಯ ಗೇಟಿನವರೆಗೂ ಹರಿದು ನಿಂತಿತು. ಹನುಮಂತನಿಗೆ ಸಮಾಧಾನವಾಯಿತು. ಕಾಯಿ ಎಷ್ಟು ಚೂರಾಗುತ್ತದೋ ಅಷ್ಟು ದೃಷ್ಟಿ ಕಳೆಯಿತು ಎಂಬುದು ಅವನ ಬಾಗಲಕೋಟೆ ಕಡೆಯ ನಂಬಿಕೆ.

ಇದು ಬಾಗಲಕೋಟೆಯಲ್ಲ, ವಡೋದರದ ಮಕರಪುರ ಎಂಬುದು ಆ ಹೊತ್ತಿಗೆ ಅವನಿಗೆ ಮರೆತುಹೋಗಿತ್ತು. ಹದಿನಾರು ವರ್ಷದಿಂದ ಇಲ್ಲಿ ಆಯುಧ ಪೂಜೆ ಮಾಡುತ್ತಿದ್ದಾನೆ, ಆದರೆ ಪ್ರತಿ ಸಲ ಕಾಯಿ ಒಡೆದದ್ದು ಗೇಟಿನ ಒಳಗೆ. ಈ ವರ್ಷ ಅಂಗಳಕ್ಕೆ ಬಿಳಿ ಟೈಲ್ಸ್ ಹಾಕಿಸಿದ್ದ. ಕಲೆ ಬಿದ್ದೀತೆಂದು ಹೊರಗೆ ಒಯ್ದ. ತನ್ನ ಅಂಗಳ ಬೆಳ್ಳಗಿರಲಿ, ಊರಿನ ರಸ್ತೆ ಏನಾದರೂ ಆಗಲಿ. ಮನುಷ್ಯನ ಬುದ್ಧಿಯೇ ಅಷ್ಟು. ಮಂದಿಯ ಬಾಗಿಲಲ್ಲಿ ನಮ್ಮ ದೃಷ್ಟಿ ಯಾಕೆ ಒಗೆಯಬೇಕು ಎಂದು ಅವನ ಕಾರ್ಖಾನೆಯ ಮುದುಕ ಸಿದ್ದಲಿಂಗಪ್ಪ ಒಂದು ಮಾತು ಅಂದ. ಹನುಮಂತ ಕಿವಿಗೆ ಹಾಕಿಕೊಳ್ಳಲಿಲ್ಲ.

ಹನುಮಂತನದು ಎರಡು ಪವರ್ ಪ್ರೆಸ್ಸುಗಳ ಸಣ್ಣ ಕಾರ್ಖಾನೆ. ಇಪ್ಪತ್ತೈದರ ಹರೆಯದಲ್ಲಿ ಸೂರತ್ತಿಗೆ ಬಂದು, ಅಡಾಜಣ್‌ನ ಒಂದು ಕೋಣೆಯಲ್ಲಿ ಐವರೊಡನೆ ಮಲಗಿ ಎದ್ದು, ಮಗ್ಗದ ಯಂತ್ರಗಳ ಕೆಲಸ ಕಲಿತು, ಕೊನೆಗೆ ವಡೋದರದಲ್ಲಿ ಈ ಶೆಡ್ ಬಾಡಿಗೆಗೆ ಹಿಡಿದವನು. ಶೆಡ್ಡಿನ ಮಾಲೀಕ ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿ ಏಸಿ ಹಾಕಿಕೊಂಡು ಕೂತಿರುತ್ತಾನೆ, ವರ್ಷಕ್ಕೊಮ್ಮೆ ಬಂದು ತಗಡು ತಟ್ಟಿ ನೋಡಿ ಹೋಗುತ್ತಾನೆ. ತಗಡಿನ ಕೆಳಗೆ ಬೇಯುವುದು ಹನುಮಂತ, ಅವನ ಆರು ಜನ ಕೆಲಸಗಾರರು ಮತ್ತು ಸಿದ್ದಲಿಂಗಪ್ಪ. ಉಳಿದವರು ಸಂಜೆ ಮನೆಗೆ ಹೋಗುತ್ತಾರೆ. ಸಿದ್ದಲಿಂಗಪ್ಪನಿಗೆ ಶೆಡ್ಡಿನ ಹಿಂಭಾಗದ ಮೂಲೆಯೇ ಮನೆ.

ಪವರ್ ಪ್ರೆಸ್ ಎಂದರೆ ಆಳೆತ್ತರದ ಕಬ್ಬಿಣದ ಯಂತ್ರ. ತಗಡನ್ನು ಅಚ್ಚಿನ ಮೇಲಿಟ್ಟು, ಎಡಗೈಯಿಂದ ಒಂದು ಹಸಿರು ಗುಂಡಿ, ಬಲಗೈಯಿಂದ ಇನ್ನೊಂದು, ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಮೇಲಿನ ಭಾರ ಬೀಳುತ್ತದೆ. ಎರಡೂ ಕೈ ಗುಂಡಿಯ ಮೇಲಿದ್ದರೆ ಅಚ್ಚಿನೊಳಗೆ ಕೈ ಇರಲು ಸಾಧ್ಯವಿಲ್ಲವಲ್ಲ, ಅದು ಯಂತ್ರ ಮಾಡಿದವನ ಜಾಣತನ. ಹನುಮಂತನ ಜಾಣತನ ಬೇರೆ. ಸೈಕಲ್ ಟ್ಯೂಬಿನ ಪಟ್ಟಿಯಿಂದ ಎಡಗಡೆಯ ಗುಂಡಿಯನ್ನು ಒತ್ತಿ ಕಟ್ಟಿಬಿಟ್ಟರೆ ಒಂದೇ ಕೈಯಲ್ಲಿ ಯಂತ್ರ ಓಡುತ್ತದೆ, ಇನ್ನೊಂದು ಕೈ ತಗಡು ಸರಿಸುತ್ತಿರಬಹುದು, ಗಂಟೆಗೆ ಆರುನೂರು ಆಗುವ ಕೆಲಸ ಒಂಬೈನೂರು ಆಗುತ್ತದೆ. ಅವನು ಹಾಕುವ ಗಂಟು ಎತ್ತಿನ ಕೊರಳಿಗೆ ಹಾಕುವ ಜಾರದ ಗಂಟು. ಓಣಿಯ ಮಾಲೀಕರಿಗೆಲ್ಲ ಅದು ‘ಹನುಮಂತಭಾಯಿಯ ಗಂಟು’ ಎಂದೇ ಪರಿಚಯ. ಎರಡು ತಿಂಗಳ ಹಿಂದೆ ಮಂಥನ್ ಭಾಯಿ ಕರೆದಾಗ ಎದುರಿನ ಶೆಡ್ಡಿಗೆ ತಾನೇ ಹೋಗಿ ಕಟ್ಟಿ ಬಂದಿದ್ದ, ಚಹಾ ಕುಡಿದು ಬಂದಿದ್ದ.

ಆಯುಧ ಪೂಜೆಗೆಂದು ಸಿದ್ದಲಿಂಗಪ್ಪ ತಮ್ಮ ಎರಡೂ ಪ್ರೆಸ್ಸುಗಳ ರಬ್ಬರನ್ನು ಗಂಟು ಬಿಚ್ಚದೆ ಹಾಗೇ ಜಾರಿಸಿ ತೆಗೆದು ಮೊಳೆಗೆ ಹಾಕಿ, ಯಂತ್ರ ಒರೆಸಿ, ಗುಂಡಿಗಳಿಗೆ ಮೂರು ಬೆರಳ ವಿಭೂತಿ ಹಚ್ಚಿದ್ದ. ಮರಳಿ ಕಟ್ಟಿಬಿಡು, ನಾಳೆ ಮರೆತೀಯ ಎಂದು ಹನುಮಂತ ಅಂದರೆ ಮುದುಕ ಕೇಳಲಿಲ್ಲ.

“ಇವತ್ತೊಂದಿನ ಅದು ದೇವ್ರು ಐತ್ರಿ ಸಾಹೇಬ್ರ. ದೇವ್ರಿಗೆ ಯಾರು ಹಗ್ಗಾ ಕಟ್ತಾರ್ರಿ?”

ಪೂಜೆ ಮುಗಿದು, ಕೆಲಸಗಾರರು ಚುರುಮುರಿ, ಪೇಢೆ ಕಟ್ಟಿಸಿಕೊಂಡು ಹೋದರು. ಹನುಮಂತ, ಹೆಂಡತಿ ಪದ್ಮಾವತಿ, ಮಗಳು ವರ್ಷಿಣಿ, ಸಿದ್ದಲಿಂಗಪ್ಪ ನಾಲ್ವರೇ ಉಳಿದರು. ವರ್ಷಿಣಿ ಇಂಗ್ಲಿಷ್ ಎಂ.ಎ. ಓದುತ್ತಾಳೆ, ಗುಜರಾತಿನಲ್ಲೇ ಹುಟ್ಟಿದವಳು. ಅವಳ ಕನ್ನಡ ಕುಂಟುತ್ತದೆ, ಗುಜರಾತಿ ಓಡುತ್ತದೆ. ಮನೆಯಲ್ಲಿ ದಿನಾ ಬಳಸುವ ಒಂದು ಇಂಗ್ಲಿಷ್ ಪದ ಆರಿಸಿ, ಅದನ್ನು ಬಳಸುವವರಿಂದ ಅರ್ಥ ಕೇಳಿ, ಅದರ ಮೂಲ ಹುಡುಕಿ ಬರೆಯಬೇಕೆಂದು ಅವಳಿಗೆ ಕಾಲೇಜಿನಲ್ಲಿ ಹೇಳಿದ್ದರು. ಅವಳು ಆರಿಸಿದ್ದು ‘ಶೆಡ್’.

ಪದ್ಮಾವತಿ ರೈಲ್ವೆಯವನ ಮಗಳು. ಅವಳಿಗೆ ಶೆಡ್ ಎಂದರೆ ಇಂಜಿನ್ನು ನಿಲ್ಲುವ ಜಾಗ, ಅಪ್ಪನ ಮಸಿ ಅಂಗಿ. ಚಹಾ ಅಂಗಡಿಯವನಿಗೆ ಎಮ್ಮೆ ಕಟ್ಟುವ ಜಾಗ. ಮಂಥನ್ ಭಾಯಿಗೆ ಅಪ್ಪ ಬಿಟ್ಟುಹೋದ ಆಸ್ತಿ. ಎಲ್ಲವನ್ನೂ ವರ್ಷಿಣಿ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಿದ್ದಳು. ಇನ್ನು ಮೂಲ. ಅದು ಇಂಗ್ಲಿಷಿನ ‘ಶೇಡ್’ ಎಂಬ ಪದದ ಹಳೆಯ ರೂಪವೇ ಇರಬೇಕು, ಅಂದರೆ ನೆರಳು, ಮರೆ, ಕಾಪಾಡುವ ಮುಚ್ಚಿಗೆ ಎಂದು ಪಂಡಿತರು ಊಹಿಸುತ್ತಾರಂತೆ. ಹನುಮಂತ ಹೊಟ್ಟೆ ಹಿಡಿದು ನಕ್ಕ. ವೈಶಾಖದಲ್ಲಿ ಒಂದು ದಿನ ಮಕರಪುರದ ತಗಡಿನ ಕೆಳಗೆ ಆ ಪಂಡಿತರನ್ನು ನಿಲ್ಲಿಸಬೇಕು, ನೆರಳಿನ ಅರ್ಥ ಆಗುತ್ತದೆ ಅಂದ.

ಸಿದ್ದಲಿಂಗಪ್ಪ ನಗಲಿಲ್ಲ. ಮಲಪ್ರಭೆಗೆ ಮಹಾಪೂರ ಬಂದಾಗ ಅವನ ಮನೆ ಗೋಡೆ ಸಮೇತ ಹೊಳೆ ಪಾಲಾಗಿತ್ತು. ಸರ್ಕಾರದವರು ಸಾಲಾಗಿ ತಗಡಿನ ಶೆಡ್ ಹಾಕಿ, ಮೂರು ತಿಂಗಳಲ್ಲಿ ಮನೆ ಕೊಡುತ್ತೇವೆ ಅಂದರು. ಅವನು ಅಲ್ಲಿ ಆರು ವರ್ಷ ಇದ್ದ. ಹೆಂಡತಿ ಅನಸೂಯ ಮೂರನೆಯ ಬೇಸಿಗೆಯಲ್ಲಿ ಅದೇ ತಗಡಿನ ಕೆಳಗೆ ಜ್ವರ ಬಂದು ಸತ್ತಳು. ಆಮೇಲೆ ಹನುಮಂತನೇ ಅವನನ್ನು ಇಲ್ಲಿಗೆ ಕರೆತಂದದ್ದು.

“ಅಲ್ಲಿದ್ದಾಗ ಮತ್ತ ನೀರು ಏರಿದ ರಾತ್ರಿ ಒಂದು ಶೆಡ್ಡಿನ್ಯಾಗ ಏಳು ಮನಿ ಮಂದಿ ಇದ್ವಿ ತಂಗಿ,” ಎಂದ ಮುದುಕ. “ಬಾಗಲಾ ಬಡದವ್ರನ್ನೆಲ್ಲಾ ಒಳಗ ತಗೊಂಡ್ವಿ. ಬಾಗಲಾ ತಗದ್ರ ಅದು ಶೆಡ್ಡು. ತಗೀದಿದ್ರ ಡಬ್ಬಿ. ಬರ್ಕೊ.”

ವರ್ಷಿಣಿ ಬರೆದುಕೊಂಡಳು. ನಿನ್ನ ಅರ್ಥ ಏನು ಪಪ್ಪಾ ಎಂದು ಕೇಳಿದಳು. ಆಮೇಲೆ ಹೇಳ್ತೀನಿ, ಮೊದಲು ಊಟ ಎಂದು ಹನುಮಂತ ಎದ್ದ.

ಆಗಲೇ ಎದುರಿನ ಶೆಡ್ಡಿನಿಂದ ಕೂಗು ಕೇಳಿಸಿತು. ಅದು ಮನುಷ್ಯನ ಕೂಗು ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಗುಜರಾತಿನಲ್ಲಿ ನವಮಿಗೆ ರಜೆಯಿಲ್ಲ, ಅಲ್ಲಿ ಕೆಲಸ ನಡೆದಿತ್ತು. ಹನುಮಂತ ಗೇಟಿಗೆ ಓಡಿ ಬರುವಷ್ಟರಲ್ಲಿ ನಾಲ್ಕು ಜನ ದಿವಾಕರನನ್ನು ಎತ್ತಿಕೊಂಡು ಹೊರಗೆ ಬಂದರು. ದಿವಾಕರ ಬಿಹಾರದ ಪ್ರೆಸ್ ಆಪರೇಟರ್, ದಾರಿಯಲ್ಲಿ ಸಿಕ್ಕರೆ ನಮಸ್ತೆ ಅನ್ನುವವನು. ಅವನ ಎಡಗೈಗೆ ಸುತ್ತಿದ್ದ ಅಂಗಿ ಕಪ್ಪಾಗಿ ತೊಟ್ಟಿಕ್ಕುತ್ತಿತ್ತು. ಹಿಂದೆ ಒಬ್ಬ ಟಿಫಿನ್ ಡಬ್ಬಿಯ ಮುಚ್ಚಳದಲ್ಲಿ ನಾಲ್ಕು ಬೆರಳುಗಳನ್ನು ಹಿಡಿದು ಓಡಿಬಂದ. ಆಟೋ ಕುಂಬಳಕಾಯಿಯ ಚೂರುಗಳ ಮೇಲೆ ಹಾದು ಹೋಯಿತು.

ಹನುಮಂತನ ಕಣ್ಣ ಮುಂದೆ ನಿಂತದ್ದು ರಬ್ಬರ್. ಬಲಗೈ ಗುಂಡಿಯ ಮೇಲೆ, ಎಡಗೈ ಅಚ್ಚಿನೊಳಗೆ. ಹೇಗಾಯಿತು ಎಂದು ಅವನಿಗೆ ಯಾರೂ ಹೇಳಬೇಕಿರಲಿಲ್ಲ.

ಮೂರನೆಯ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡುವ ದಿವಾಕರನ ಅಣ್ಣ ಬಂದ. ಅವನ ಹಿಂದೆ ಮೂವತ್ತು ನಲವತ್ತು ಜನ ಸೇರಿದರು. ಅಣ್ಣ ಒಳಗೆ ಹೋಗಿ ಯಂತ್ರ ನೋಡಿ ಹೊರಗೆ ಬಂದು, ಮಂಥನ್ ಭಾಯಿಯ ಕಾಲರ್ ಹಿಡಿದು, ಹೇಗಾಯಿತು ಹೇಳು ಎಂದು ಅಲುಗಾಡಿಸಿದ. ಮಂಥನ್ ಭಾಯಿಯ ಮುಖ ಬಿಳುಚಿತ್ತು. ಅವನು ಒಳಗಿನ ಯಂತ್ರವನ್ನು ನೋಡಿದ, ಗುಂಪನ್ನು ನೋಡಿದ, ಆಮೇಲೆ ಗೇಟಿನವರೆಗೆ ಹರಿದು ಒಣಗುತ್ತಿದ್ದ ಕೆಂಪನ್ನು ನೋಡಿದ. ಬೆರಳು ಅಲ್ಲಿಗೆ ತೋರಿಸಿದ. ಮೂರು ದಾರಿ ಕೂಡುವಲ್ಲಿ ಕಾಯಿ, ಕುಂಕುಮ, ನಿಂಬೆಹಣ್ಣು. ಇದು ಮೇಲಿ ವಿದ್ಯಾ, ಮಾಟ, ನನ್ನ ಬಾಗಿಲಿಗೇ ಮಾಡಿದ್ದಾರೆ ಎಂದ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಹನುಮಂತ ಒಳಗೆ ಬಂದು, ಮೊಳೆಗೆ ನೇತುಹಾಕಿದ್ದ ರಬ್ಬರನ್ನು ಮುಟ್ಟಿ ನೋಡಿದ. ಆ ಕ್ಷಣ ಹೊರಗೆ ಹೋಗಿ ನಿಜ ಹೇಳಿದ್ದರೆ ನಾಲ್ಕು ಏಟು ಬೀಳುತ್ತಿತ್ತು, ಅಷ್ಟೇ. ಅವನು ಹಾಗೆ ಮಾಡಲಿಲ್ಲ. ಸಿದ್ದಲಿಂಗಪ್ಪನ ಕೈಗೆ ಪೊರಕೆ ಕೊಟ್ಟು, ಆ ಚೂರುಗಳನ್ನು ಗುಡಿಸಿ ಬಾ, ನಿನ್ನಂಥ ಮುದುಕನಿಗೆ ಯಾರೂ ಏನೂ ಅನ್ನುವುದಿಲ್ಲ ಎಂದ. ಮುದುಕ ಪೊರಕೆ ಹಿಡಿದು ಹೋದ. ಅವನ ಹಿಂದೆಯೇ ಹನುಮಂತ ಸರಪಳಿ ಎಳೆದು ರೋಲಿಂಗ್ ಶಟರ್ ಇಳಿಸಿದ. ಹೆಂಡತಿ, ಮಗಳು ಒಳಗಿದ್ದಾರೆ ಎಂಬುದು ಅವನು ತನಗೆ ತಾನೇ ಕೊಟ್ಟುಕೊಂಡ ಕಾರಣ.

ಪೊರಕೆ ಹಿಡಿದವನೇ ಮಾಟಗಾರ ಎನ್ನಲು ಗುಂಪಿಗೆ ಇನ್ನೇನು ಬೇಕು? ಸಾಕ್ಷಿ ಗುಡಿಸಿ ಹಾಕುತ್ತಿದ್ದಾನೆ ಎಂದು ಒಬ್ಬ ಕೂಗಿದ. ಕಾಯಿ ಒಡೆದವನು ಯಾರು ಎಂದು ಇನ್ನೊಬ್ಬ ಹಿಂದಿಯಲ್ಲಿ ಕೇಳಿದ್ದು ಶಟರಿನ ಒಳಗೆ ಸ್ಪಷ್ಟವಾಗಿ ಕೇಳಿಸಿತು. ಹನುಮಂತ ಸರಪಳಿಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದ.

“ಮೈನೆ,” ಎಂದ ಸಿದ್ದಲಿಂಗಪ್ಪ. “ಮೈನೆ ಫೋಡಾ.” ನಾನೇ ಒಡೆದದ್ದು. ಒಂಬತ್ತು ವರ್ಷದಲ್ಲಿ ಅವನು ಕಲಿತ ಹಿಂದಿ ಅಷ್ಟೇ, ಅದನ್ನೂ ಸುಳ್ಳಿಗೆ ಖರ್ಚು ಮಾಡಿದ.

ಮೊದಲ ಏಟಿಗೆ ಶಟರ್ ಒಳಕ್ಕೆ ಉಬ್ಬಿತು. ಮುದುಕನನ್ನು ಅದಕ್ಕೇ ಒರಗಿಸಿ ಹೊಡೆಯುತ್ತಿದ್ದರು. ಕಬ್ಬಿಣದ ಸರಳು ಮಾಂಸಕ್ಕೆ ಬಿದ್ದರೆ ಒಂದು ಸದ್ದು, ತಪ್ಪಿ ತಗಡಿಗೆ ಬಿದ್ದರೆ ಇನ್ನೊಂದು. ಹನುಮಂತನಿಗೆ ಎರಡೂ ಬೇರೆಬೇರೆಯಾಗಿ ಕೇಳುತ್ತಿದ್ದವು. ತಗಡಿಗೆ ಬಿದ್ದಾಗಲೆಲ್ಲ ದೇವರೇ, ಇದೂ ತಪ್ಪಿತು ಅಂದುಕೊಂಡ.

“ಸಾಹೇಬ್ರ, ತಗೀಬ್ಯಾಡ್ರಿ,” ಎಂದು ಮುದುಕ ಹೊರಗಿನಿಂದ ಕೂಗಿದ. “ತಂಗಿ ಅದಾಳ ಒಳಗ. ತಗೀಬ್ಯಾಡ್ರಿ.”

ಗುಂಪಿನಲ್ಲಿ ಯಾರಿಗೂ ಕನ್ನಡ ಬಾರದು. ಮಂತ್ರ ಹಾಕುತ್ತಿದ್ದಾನೆ, ಬಾಯಿಗೆ ಹೊಡಿ ಎಂದು ಯಾರೋ ಕಿರುಚಿದರು. ಬಾಯಿಗೇ ಹೊಡೆದರು. ಎರಡು ಸಲ. ಆಮೇಲೆ ಮುದುಕನ ಕನ್ನಡ ನಿಂತುಹೋಯಿತು, ಗಂಟಲಿನೊಳಗಿನ ಸದ್ದು ಮಾತ್ರ ಉಳಿಯಿತು.

ಪದ್ಮಾವತಿ ಪ್ರೆಸ್ಸಿನ ಹಿಂದೆ ಕೂತು ಕಿವಿ ಮುಚ್ಚಿಕೊಂಡಿದ್ದಳು. ವರ್ಷಿಣಿ ಪೊಲೀಸರಿಗೆ ಫೋನ್ ಮಾಡಿ, ಬಂದು ಅಪ್ಪನ ಕೈಯಲ್ಲಿದ್ದ ಸರಪಳಿ ಹಿಡಿದಳು. ಹನುಮಂತ ಬಿಡಲಿಲ್ಲ. ಪೊಲೀಸರು ಬರಲಿ ಎಂದ. ಅವಳು ಎಳೆದಳು, ಇವನು ಹಿಡಿದ. ಅವಳು ಅಪ್ಪನ ಮಣಿಕಟ್ಟಿಗೆ ಹಲ್ಲು ಹಾಕಿ ಕಚ್ಚಿದಳು, ರಕ್ತ ಬಂತು, ಆದರೂ ಅವನು ಬಿಡಲಿಲ್ಲ. ಆಗ ಅವಳು ಬಾಯಿ ಒರೆಸಿಕೊಂಡು ಅವನ ಮುಖ ನೋಡಿದಳು.

“ಪಪ್ಪಾ, ಇದು ಡಬ್ಬಿ,” ಎಂದಳು.

ಹನುಮಂತ ಸರಪಳಿ ಬಿಟ್ಟ, ಅವಳು ಎಳೆದಳು. ಶಟರ್ ಮೊಣಕಾಲೆತ್ತರಕ್ಕೆ ಏರುತ್ತಲೇ ಅದಕ್ಕೊರಗಿ ಕುಸಿದಿದ್ದ ಸಿದ್ದಲಿಂಗಪ್ಪ ಹಿಮ್ಮುಖವಾಗಿ ಒಳಕ್ಕೆ ಬಿದ್ದ. ಅವನ ದವಡೆ ಒಂದು ಕಡೆ ಜೋತಿತ್ತು, ಒಂದು ಕಣ್ಣು ಇರಬೇಕಾದ ಜಾಗದಲ್ಲಿ ಇರಲಿಲ್ಲ. ಹನುಮಂತ ಕಂಕುಳಿಗೆ ಕೈ ಹಾಕಿ ಅವನನ್ನು ಎಳೆದುಕೊಂಡ. ಅವನ ಜೊತೆಗೇ ಗುಂಪೂ ಶಟರನ್ನು ಮೇಲಕ್ಕೆ ತಳ್ಳಿ ನುಗ್ಗಿತು. ಬಾಳೆಕಂಬ ಮುರಿಯಿತು, ಆರತಿ ತಟ್ಟೆ ಹಾರಿತು, ಅಡ್ಡ ಬಂದ ಪದ್ಮಾವತಿಯನ್ನು ಒಬ್ಬ ಎದೆಗೆ ಒದ್ದು ಕೆಡವಿದ. ದಿವಾಕರನ ಅಣ್ಣ ನೆಲದಲ್ಲಿದ್ದ ಮುದುಕನ ಮೇಲೆ ಮತ್ತೆ ಸರಳು ಎತ್ತಿದ.

ಹನುಮಂತ ಮುದುಕನ ಮೇಲೆ ಬಿದ್ದ. ಏಟು ಅವನ ಭುಜಕ್ಕೆ ಬಿತ್ತು, ಮೂಳೆ ಮುರಿದದ್ದು ಅವನಿಗೇ ಕೇಳಿಸಿತು.

“ಕಾಯಿ ಅಲ್ಲ,” ಎಂದು ಹಿಂದಿಯಲ್ಲಿ ಕೂಗಿದ. “ರಬ್ಬರ್. ನಿನ್ನ ತಮ್ಮನ ಬೆರಳು ತೆಗೆದದ್ದು ಆ ರಬ್ಬರ್. ಅದನ್ನು ಕಟ್ಟಿದವನು ನಾನು. ಇವನಲ್ಲ, ನಾನು.”

ತೆವಳಿ ಹೋಗಿ ಮೊಳೆಯ ಮೇಲಿನ ರಬ್ಬರನ್ನು ಕಿತ್ತು ದಿವಾಕರನ ಅಣ್ಣನ ಕಾಲ ಬಳಿ ಎಸೆದ. ಅಣ್ಣ ಅದನ್ನು ಎತ್ತಿಕೊಂಡು ಗಂಟು ನೋಡಿದ. ಅರ್ಧ ಗಂಟೆಯ ಹಿಂದೆ ಎದುರಿನ ಶೆಡ್ಡಿನಲ್ಲಿ, ತಮ್ಮನ ರಕ್ತ ಸಿಡಿದ ಯಂತ್ರದ ಮೇಲೆ ಅದೇ ಗಂಟನ್ನು ನೋಡಿ ಬಂದಿದ್ದ. ಅವನಿಗೆ ಅರ್ಥವಾಯಿತು. ಹಿಂದಕ್ಕೆ ತಿರುಗಿ ಮಂಥನ್ ಭಾಯಿಯನ್ನು ಹುಡುಕಿದ. ಮಂಥನ್ ಭಾಯಿ ಯಾವಾಗಲೋ ಕಾಲ್ತೆಗೆದಿದ್ದ. ಕೈಗೆ ಸಿಕ್ಕವನು ಹನುಮಂತನೊಬ್ಬನೇ.

ಅವರು ಅವನನ್ನು ಪ್ರೆಸ್ಸಿಗೆ ಎಳೆದೊಯ್ದರು. ಒಬ್ಬ ಮೇನ್ ಸ್ವಿಚ್ ಹಾಕಿದ. ದೊಡ್ಡ ಗಾಲಿ ನಿಧಾನವಾಗಿ ತಿರುಗಿ, ಗುಂಯ್‌ಗುಟ್ಟಿ, ವೇಗ ಹಿಡಿಯಿತು. ಅಣ್ಣ ಹನುಮಂತನ ಬಲಗೈಯನ್ನು ಅಚ್ಚಿನ ಮೇಲೆ, ಚೆಂಡುಹೂವಿನ ಎಸಳುಗಳ ನಡುವೆ ಒತ್ತಿ ಹಿಡಿದ. ವರ್ಷಿಣಿಯನ್ನು ಇಬ್ಬರು ಗೋಡೆಗೆ ಅದುಮಿದ್ದರು. ಅವಳು ಗುಜರಾತಿಯಲ್ಲಿ, ಹಿಂದಿಯಲ್ಲಿ, ಕೊನೆಗೆ ಕನ್ನಡದಲ್ಲಿ ಬೇಡಿಕೊಂಡಳು. ಹನುಮಂತ ಕಣ್ಣು ಮುಚ್ಚಿದ.

ಅಣ್ಣ ಬಲಗಡೆಯ ಗುಂಡಿ ಗುದ್ದಿದ. ಭಾರ ಬೀಳಲಿಲ್ಲ.

ಮತ್ತೆ ಗುದ್ದಿದ. ಮುಷ್ಟಿಯಿಂದ, ಮೊಣಕೈಯಿಂದ, ನಾಲ್ಕು, ಐದು, ಆರು ಸಲ. ಯಂತ್ರ ಗುಂಯ್‌ಗುಟ್ಟುತ್ತ ಹಾಗೇ ನಿಂತಿತ್ತು. ಹನುಮಂತ ಕಣ್ಣು ತೆರೆದ. ಎಡಗಡೆಯ ಗುಂಡಿ ಕಟ್ಟಿಲ್ಲದೆ, ವಿಭೂತಿ ಬಳಿದುಕೊಂಡು, ಬಿಡುಗಡೆಯಾಗಿ ಮೇಲೆದ್ದು ಕೂತಿತ್ತು. ದೇವರಿಗೆ ಯಾರು ಹಗ್ಗ ಕಟ್ಟುತ್ತಾರೆ ಎಂದ ಮುದುಕ ಮೂರು ಮಾರು ದೂರದಲ್ಲಿ ಬಿದ್ದಿದ್ದ.

ಅಣ್ಣನೂ ಆ ಗುಂಡಿಯನ್ನು ನೋಡಿದ. ಅದನ್ನೂ ಒತ್ತಬೇಕಾದರೆ ಹನುಮಂತನ ಕೈ ಬಿಡಬೇಕು. ಒಬ್ಬ ಮುಂದೆ ಬಂದು, ಬಿಡಬೇಡ, ಅದನ್ನು ನಾನು ಒತ್ತುತ್ತೇನೆ ಎಂದ. ಅಣ್ಣ ಅವನ ಕೈ ಹಿಡಿದು ತಡೆದ. ಬಹಳ ಹೊತ್ತು ಆ ಹಸಿರು ಗುಂಡಿಯನ್ನೇ ನೋಡಿದ.

“ಅಂದರೆ ತಮ್ಮನ ಕೈ ಮೇಲೂ ಬೀಳುತ್ತಿರಲಿಲ್ಲ,” ಎಂದ, ಯಾರಿಗೂ ಅಲ್ಲ. ಆಮೇಲೆ ಹನುಮಂತನ ಮಣಿಕಟ್ಟು ಬಿಟ್ಟು, ಯಂತ್ರದ ಬುಡದಲ್ಲಿ ಕುಸಿದು, ತಲೆ ಹೊಡೆದುಕೊಂಡು ಅತ್ತ. ಅಷ್ಟರಲ್ಲಿ ಪೊಲೀಸ್ ಜೀಪಿನ ಸದ್ದು ಕೇಳಿ ಉಳಿದವರು ಚದುರಿದರು. ಅವನೊಬ್ಬ ಓಡಲಿಲ್ಲ.

ಸಿದ್ದಲಿಂಗಪ್ಪ ಆಂಬುಲೆನ್ಸಿನಲ್ಲಿ, ಆಸ್ಪತ್ರೆ ಇನ್ನೂ ಎರಡು ಸಿಗ್ನಲ್ ದೂರ ಇರುವಾಗ ಸತ್ತ. ದವಡೆ ಮುರಿದಿದ್ದರಿಂದ ಅವನು ಏನೂ ಹೇಳಲಿಲ್ಲ. ಹೇಳುವುದು ಏನಾದರೂ ಇತ್ತೋ ಇಲ್ಲವೋ, ಹನುಮಂತನಿಗೆ ಇನ್ನು ತಿಳಿಯುವಂತಿಲ್ಲ. ಠಾಣೆಯಲ್ಲಿ ಹೇಳಿಕೆ ಬರೆಸುವಾಗ ಮೊದಲು ರಬ್ಬರಿನ ವಿಷಯ ಬರೆಯಿರಿ ಎಂದು ಅವನೇ ಅಂದ. ಕೊಲೆ ಕೇಸಿನಲ್ಲಿ ಹನ್ನೊಂದು ಜನ ಒಳಗೆ ಹೋದರು. ದಿವಾಕರನ ಕೈಯ ಕೇಸಿನಲ್ಲಿ ಮಂಥನ್ ಭಾಯಿಯ ಹೆಸರು, ಹನುಮಂತನ ಹೆಸರು ಒಂದರ ಕೆಳಗೊಂದು ಬಂದವು.

ಮೂರನೆಯ ದಿನ ಆಸ್ಪತ್ರೆಯವರು ಶವ ಕೊಟ್ಟರು. ಲಿಂಗಾಯತರ ಪದ್ಧತಿಯಂತೆ ಕೂರಿಸಿ ಮಣ್ಣು ಮಾಡಬೇಕು. ಊರಾಚೆ ಒಂದು ಜಾಗ ಹುಡುಕಿಕೊಟ್ಟವರು ಬ್ಯಾಂಕಿನಲ್ಲಿರುವ ನಾಲ್ಕಾರು ಕನ್ನಡದವರು. ಜಂಗಮರೊಬ್ಬರು ಅಹಮದಾಬಾದಿನಿಂದ ಬಂದರು. ಬಲಗೈಯಿಂದ ಮೂರು ಹಿಡಿ ಮಣ್ಣು ಹಾಕಿ ಎಂದು ಅವರು ಹೇಳಿದಾಗ ಹನುಮಂತ ಕೈ ನೋಡಿಕೊಂಡ. ಎಡ ಭುಜಕ್ಕೆ ಪಟ್ಟಿ ಇತ್ತು. ಬಲಗೈಯಲ್ಲಿ ಐದು ಬೆರಳೂ ಇದ್ದವು, ಮಣಿಕಟ್ಟಿನಲ್ಲಿ ಮಗಳ ಹಲ್ಲಿನ ಗುರುತಿತ್ತು. ಆ ಕೈಯಿಂದ ಮೂರು ಹಿಡಿ ಹಾಕಿದ.

ಬಿಸಿಲು ಸುಡುತ್ತಿತ್ತು. ಬಂದವರಿಗೆ ನಿಲ್ಲಲೆಂದು ಸ್ಮಶಾನದ ಬದಿಯಲ್ಲಿ ಒಂದು ತಗಡಿನ ಶೆಡ್ ಇತ್ತು, ಎಲ್ಲರೂ ಅದರ ಕೆಳಗೆ ಹೋದರು. ಪದ್ಮಾವತಿ ಕರೆದಳು. ಹನುಮಂತ ಹೋಗದೆ ಗುಂಡಿಯ ಪಕ್ಕದಲ್ಲೇ ನಿಂತ. ಸ್ವಲ್ಪ ಹೊತ್ತಿಗೆ ವರ್ಷಿಣಿ ಬಂದು ಅವನ ಪಕ್ಕ ನಿಂತಳು.

“ಅವತ್ತು ನನ್ನ ಅರ್ಥ ಕೇಳಿದ್ಯಲ್ಲ,” ಎಂದ ಹನುಮಂತ. “ಬರ್ಕೊ. ಶಟರ್ ಇಳಿದಿದ್ದ ಏಳು ನಿಮಿಷ ಅದು ಡಬ್ಬಿ ಇತ್ತು.”

ವರ್ಷಿಣಿ ಬರೆದುಕೊಳ್ಳಲಿಲ್ಲ. ಆ ಏಳು ನಿಮಿಷ ಅವಳೂ ಒಳಗೇ ಇದ್ದಳು.